ಲೇತಿನೊಳಗಿನ ‘ಅರಮನೆಯ ತಾಯಿ’

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಹಳೇ ಜರ್ಮನ್ ಲೇತಿನ ಪುಸ್ತಕದಾಗ ‘ಶ್ಲಾಸ್‌ಮುಟ್ಟರ್’ ಅಂತ ಪದೇ ಪದೇ ಬರತೈತಿ. ಮೊಬೈಲಿನ್ಯಾಗ ಒಂದೊಂದ ಪದ ಬಿಡಿಸಿ ನೋಡಿದರ ‘ಅರಮನೆ’, ‘ತಾಯಿ’ ಅಂತ ತೋರಸತೈತಿ. ಇದು ಯಾವ ಪಾರ್ಟು? ಹೆಸರು ಹಿಂಗ್ಯಾಕ?
– ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಅದು ನಿಮ್ಮ ಹಾಫ್‌ನಟ್. ಟೂಲ್ ಹೊತ್ತು ಸಾಗುವ ಕ್ಯಾರೇಜಿನ ಏಪ್ರನ್ (ಮುಂಭಾಗದ ಪೆಟ್ಟಿಗೆ) ಒಳಗೆ ಎರಡು ಹೋಳಾಗಿ ಕೂತು, ಲಿವರ್ ಹಾಕಿದಾಗ ಲೀಡ್‌ಸ್ಕ್ರೂವನ್ನು, ಅಂದರೆ ಥ್ರೆಡ್ ಹಾಕುವಾಗ ಕ್ಯಾರೇಜನ್ನು ಸಾಗಿಸುವ ಉದ್ದನೆಯ ಸ್ಕ್ರೂವನ್ನು, ಕಚ್ಚಿ ಹಿಡಿಯುತ್ತದೆ.

‘ಮುಟ್ಟರ್’ ಎಂದರೆ ತಾಯಿ. ಸಂಸ್ಕೃತದ ‘ಮಾತೃ’ವಿಗೂ ಇದಕ್ಕೂ ಬೇರು ಒಂದೇ. ಹಳೆಯ ಜರ್ಮನ್ನಿನಲ್ಲಿ ಗರ್ಭಕೋಶ ಎಂಬ ಅರ್ಥವೂ ಇತ್ತು; ಈಗಲೂ ಅದಕ್ಕೆ ‘ಗೆಬೇರ್‌ಮುಟ್ಟರ್’ ಎನ್ನುತ್ತಾರೆ. ಸ್ಕ್ರೂವನ್ನು ಒಡಲಲ್ಲಿ ಇಟ್ಟುಕೊಳ್ಳುವ ನಟ್ಟಿಗೂ ಅದೇ ಹೆಸರು ಬಂತು. ಎಷ್ಟು ಚೆಂದದ ಹೆಸರು! ಬಹುವಚನದಲ್ಲಿ ಗೊಂದಲವಿಲ್ಲ: ತಾಯಂದಿರು ‘ಮ್ಯುಟ್ಟರ್’, ನಟ್ಟುಗಳು ‘ಮುಟ್ಟರ್ನ್’. ಏಕವಚನದಲ್ಲಿ ಸಂದರ್ಭ ನೋಡಿಯೇ ತಿಳಿಯಬೇಕು. ‘ಆನ್‌ಟ್ಸೀಯೆನ್’ ಎಂಬ ಕ್ರಿಯಾಪದಕ್ಕೂ ಬಟ್ಟೆ ತೊಡಿಸು, ಬಿಗಿ ಮಾಡು ಎಂಬ ಎರಡರ್ಥ. ಹಾಗಾಗಿ ‘ತಾಯಿಗೆ ಬಟ್ಟೆ ತೊಡಿಸಿ’ ಎಂದು ಮೊಬೈಲ್ ಹೇಳಿದರೆ ಪಾನಾ ತಗೊಂಡು ನಟ್ ಬಿಗಿ ಮಾಡಿ.

‘ಶ್ಲಾಸ್’ ಹುಟ್ಟಿದ್ದು ‘ಮುಚ್ಚು’ ಎಂಬ ಧಾತುವಿನಿಂದ. ಮೊದಲ ಅರ್ಥ ಅಗುಳಿ, ಬೀಗ. ಕಣಿವೆಯ ದಾರಿಗೆ ಅಗುಳಿಯಂತೆ ಅಡ್ಡ ನಿಂತ ಕೋಟೆಗೂ ಅದೇ ಮಾತಾಯಿತು, ಕೋಟೆ ಹೋಗಿ ಅರಮನೆಯಾಯಿತು. ಲೇತಿನಲ್ಲಿ ಉಳಿದಿರುವುದು ಹಳೆಯ ಅರ್ಥವೇ: ಮುಚ್ಚಿಕೊಂಡು ಹಿಡಿಯುವ ನಟ್.

ಥ್ರೆಡ್ ಹಾಕುವಾಗ ಇದರ ಮೇಲೆ ಗಮನವಿರಲಿ. ಲೀಡ್‌ಸ್ಕ್ರೂ ಪಿಚ್ (ಒಂದು ಎಳೆಯಿಂದ ಮುಂದಿನ ಎಳೆಗಿರುವ ಅಂತರ) 6 ಮಿ.ಮೀ. ಇದ್ದರೆ 1, 1.5, 2, 3 ಮಿ.ಮೀ. ಥ್ರೆಡ್ಡಿಗೆ ಹಾಫ್‌ನಟ್ ಬಿಚ್ಚಿ ಎಲ್ಲಿ ಬೇಕಾದರೂ ಮತ್ತೆ ಹಾಕಬಹುದು. 6ನ್ನು ಅವು ನಿಶ್ಶೇಷವಾಗಿ ಭಾಗಿಸುತ್ತವೆ. 1.25, 1.75 ಹಾಗೆ ಭಾಗಿಸುವುದಿಲ್ಲ. ಅಲ್ಲಿ ಬಿಚ್ಚಿ ಹಾಕಿದರೆ ಟೂಲ್ ಮೊದಲಿನ ತೋಡಿನಲ್ಲಿ ಬೀಳದೆ ಜಾಬ್ (ಕೊರೆಯುತ್ತಿರುವ ತುಂಡು) ಕೆಡುತ್ತದೆ. ಹಾಫ್‌ನಟ್ ಬಿಚ್ಚದೆ ಟೂಲ್ ಹಿಂದಕ್ಕೆ ಎಳೆದುಕೊಂಡು, ಜಾಬನ್ನು ತಿರುಗಿಸುವ ಸ್ಪಿಂಡಲನ್ನು ರಿವರ್ಸ್ ತಿರುಗಿಸಿ ಕ್ಯಾರೇಜನ್ನು ವಾಪಸ್ ತರಬೇಕು. ಇಂಚಿನ ಥ್ರೆಡ್ಡಿಗೂ ಹೀಗೆಯೇ.

ಅದೇ ಪುಸ್ತಕದಲ್ಲಿ ‘ಟ್ಸೂಗ್‌ಸ್ಪಿಂಡೆಲ್’ ಸಿಕ್ಕರೆ ಅದು ಫೀಡ್‌ರಾಡ್, ಮಾಮೂಲಿ ಕೊರೆತದಲ್ಲಿ ಕ್ಯಾರೇಜನ್ನು ಸಾಗಿಸುವ ಸರಳು. ‘ಟ್ಸೂಗ್’ ಎಂದರೆ ಎಳೆತ. ರೈಲಿಗೂ ಇದೇ ಪದ. ಫೀಡ್ ಹಾಕಿರುವಾಗ ಹಾಫ್‌ನಟ್ ಹಾಕಬೇಡಿ: ಎರಡು ಬೇರೆ ವೇಗ ಒಂದೇ ಕ್ಯಾರೇಜನ್ನು ಎಳೆದು ಗೇರಿನ ಹಲ್ಲು ಮುರಿಯಬಹುದು. ಇದನ್ನು ತಡೆಯುವ ಇಂಟರ್‌ಲಾಕ್ ಹಳೇ ಮೆಷಿನ್ನಿನಲ್ಲಿ ಸವೆದಿರಬಹುದು, ಮೆಷಿನ್ ನಿಲ್ಲಿಸಿ ಲಿವರ್ ಆಡಿಸಿ ನೋಡಿ.