ದೂರದ ಬೋರ್ಡ್ ಕಾಣುತ್ತದೆ, ಸೂಜಿಯ ಕಣ್ಣು ಕಾಣುತ್ತಿಲ್ಲ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಅರವತ್ತು ದಾಟಿದ ಹೆಂಗಸು. ಜೀವನವೆಲ್ಲ ಹೊಲಿಗೆ ಕೆಲಸ. ಎಡಗಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ಮನಸ್ಸಿನ ಕಷ್ಟಗಳನ್ನು ಕೇಳುವ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಮಗಳು. ಅಮ್ಮ ಮಾತು ಕಡಿಮೆ ಮಾಡಿದ್ದಾರೆ, ರಾತ್ರಿ ನಿದ್ದೆ ಇಲ್ಲ, ಬಲಗಣ್ಣಿನ ಆಪರೇಷನ್ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ ಎಂದಳು. “ಕಣ್ಣು 6/6 ಇದೆ, ದೂರದ್ದು ಪೂರ್ತಿ ಸರಿಯಾಗಿ ಕಾಣುತ್ತೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ ಮೇಡಂ. ಇವರು ಸುಮ್ನೆ ಚಿಂತೆ ಹಚ್ಚಿಕೊಂಡಿದ್ದಾರೆ.”

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅಮ್ಮನ ಜೊತೆ ಮಾತಾಡಿದೆ. ಮನಸ್ಸಿನ ವಿಷಯಕ್ಕೆ ನೇರವಾಗಿ ಕೈ ಹಾಕಲಿಲ್ಲ. “ಮುಂಚೆ ಸೂಜಿಗೆ ದಾರ ಹೇಗೆ ಪೋಣಿಸ್ತಿದ್ರಿ ಅಮ್ಮಾ?” ಎಂದು ಕೇಳಿದೆ.

“ಕನ್ನಡಕ ತೆಗೆದು, ಮೂಗಿನ ಹತ್ತಿರ ಹಿಡಿದು. ಈಗ ಹತ್ತಿರ ತಂದಷ್ಟೂ ಮಸುಕು. ತಪ್ಪು ಲೆನ್ಸ್ ಹಾಕಿಬಿಟ್ಟಿದ್ದಾರೆ ಮೇಡಂ, ಯಾರೂ ಒಪ್ಪಿಕೊಳ್ಳುತ್ತಿಲ್ಲ.”

ಚೀಟಿ ನೋಡಿದೆ. ಆಪರೇಷನ್‌ಗೆ ಮುಂಚೆ ಎರಡೂ ಕಣ್ಣಿಗೆ ಮೈನಸ್ 6ರ ಆಸುಪಾಸು ಪವರ್ ಇತ್ತು. ಅಂಥ ಕಣ್ಣಿಗೆ ಕನ್ನಡಕವಿಲ್ಲದೆ ದೂರದ್ದೇನೂ ಕಾಣದು. ಆದರೆ 16–17 ಸೆಂಟಿಮೀಟರ್‌ನಲ್ಲಿ ಹಿಡಿದ ವಸ್ತು ತುಂಬಾ ಸ್ಪಷ್ಟ. ಆ ಒಂದು ಗೇಣಿನೊಳಗೇ ಇವರು ಇಡೀ ಬದುಕು ಹೊಲಿದಿದ್ದರು. ಹಾಕಿದ್ದು ಮೊನೊಫೋಕಲ್ ಲೆನ್ಸ್, ಅಂದರೆ ಒಂದೇ ದೂರಕ್ಕೆ ಹೊಂದಿಸಿದ್ದು. ಸಾಮಾನ್ಯವಾಗಿ ಮಾಡುವಂತೆ ದೂರದ ನೋಟಕ್ಕೆ ಹೊಂದಿಸಿದ್ದರು. ಈ ಲೆನ್ಸ್ ನಮ್ಮ ಎಳೆಯ ವಯಸ್ಸಿನ ಕಣ್ಣಿನಂತೆ ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳುವುದಿಲ್ಲ. ಹತ್ತಿರಕ್ಕೆ ಪ್ಲಸ್ ಕನ್ನಡಕ ಬೇಕು.

ಅಂದರೆ ಚೀಟಿಯ ಲೆಕ್ಕದಲ್ಲಿ ಲೆನ್ಸ್ ತಪ್ಪಾಗಿರಲಿಲ್ಲ. ‘ನೀವು ಯಾವ ಕೆಲಸ ಮಾಡ್ತೀರಿ, ಎಷ್ಟು ಹತ್ತಿರ ಹಿಡಿದು ನೋಡ್ತೀರಿ’ ಎಂದು ಆಪರೇಷನ್‌ಗೆ ಮುಂಚೆ ಯಾರೂ ಕೇಳಿದ್ದು ಅವರಿಗೆ ನೆನಪಿಲ್ಲ. ನನ್ನ ದೃಷ್ಟಿಯಲ್ಲಿ ಇದು ‘ಸುಮ್ನೆ ಚಿಂತೆ’ ಅಲ್ಲ. ಅವರು ನಿಜಕ್ಕೂ ಒಂದನ್ನು ಕಳೆದುಕೊಂಡಿದ್ದಾರೆ. ಎಲ್ಲರೂ “ಚೆನ್ನಾಗಿದೆಯಲ್ಲ” ಅನ್ನುವಾಗ ಆ ಕಳೆದುಕೊಂಡದ್ದಕ್ಕೆ ಅಳಲೂ ಜಾಗವಿರಲಿಲ್ಲ. ಕನ್ನಡಿಯಲ್ಲಿ ತಮ್ಮ ಮುಖದ ಸುಕ್ಕು ಒಮ್ಮೆಲೇ ಕಂಡು ಬೆಚ್ಚಿದ್ದನ್ನೂ ನಾಚುತ್ತಾ ಹೇಳಿದರು. ಪೊರೆ ತೆಗೆಸಿದವರು ಇದನ್ನು ಹೇಳುವುದು ನನಗೆ ಹೊಸದಲ್ಲ.

ಇನ್ನೊಂದು ಸಂಗತಿ ಕೇಳಿದಾಗ ಮಾತ್ರ ಹೊರಬಂತು. ಮೆಟ್ಟಿಲು ಇಳಿಯುವಾಗ ತಲೆ ತಿರುಗುತ್ತದೆ, ಒಂದು ಕಣ್ಣು ಮುಚ್ಚಿಕೊಂಡು ಇಳಿಯುತ್ತಾರೆ. ಈಗ ಒಂದು ಕಣ್ಣಿನ ಪವರ್ ಸೊನ್ನೆ, ಇನ್ನೊಂದರದ್ದು ಮೈನಸ್ 6. ಕನ್ನಡಕದಲ್ಲಿ ಇದನ್ನು ಸರಿಪಡಿಸಲು ಹೋದರೆ ಎರಡು ಕಣ್ಣಿನ ಚಿತ್ರದ ಅಳತೆಯೇ ಬೇರೆಯಾಗುತ್ತದೆ, ಮಿದುಳಿಗೆ ಸೇರಿಸಲಾಗುವುದಿಲ್ಲ. 3 ಡಯಾಪ್ಟರ್‌ಗಿಂತ (ಪವರ್ ಅಳೆಯುವ ಮಾನ) ಜಾಸ್ತಿ ವ್ಯತ್ಯಾಸವನ್ನು ಹೆಚ್ಚಿನವರು ಕನ್ನಡಕದಲ್ಲಿ ತಡೆದುಕೊಳ್ಳಲಾರರು. ಎರಡನೇ ಆಪರೇಷನ್ ಬೇಡ ಅಂದಷ್ಟು ದಿನವೂ ಈ ಕಷ್ಟ ಉಳಿಯುತ್ತದೆ, ಬೀಳುವ ಭಯವೂ ಉಳಿಯುತ್ತದೆ. ಹಟ ಹಿಡಿದು ಅವರು ತಮಗೇ ಕಷ್ಟ ಜಾಸ್ತಿ ಮಾಡಿಕೊಳ್ಳುತ್ತಿದ್ದರು.

ನಾನು ಕಣ್ಣಿನ ಡಾಕ್ಟರಲ್ಲ. ಯಾವ ಲೆನ್ಸ್ ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಡಾಕ್ಟರ ಮುಂದೆ ಏನು ಕೇಳಬೇಕು ಅನ್ನುವುದನ್ನು ಜೊತೆಗೆ ಕೂತು ಬರೆದೆವು. ಎರಡನೇ ಕಣ್ಣನ್ನು ದೂರದ ಬದಲು ಹತ್ತಿರಕ್ಕೆ, ಮೈನಸ್ 2 ಅಥವಾ 2.5ಕ್ಕೆ ಹೊಂದಿಸಬಹುದೇ? ಹಾಗಾದರೆ ಸುಮಾರು 40–50 ಸೆಂಟಿಮೀಟರ್‌ನಲ್ಲಿರುವುದು ಕನ್ನಡಕವಿಲ್ಲದೆ ಕಾಣುತ್ತದೆ. ಆಳ ಅಂದಾಜು ಮಾಡುವುದು ಸ್ವಲ್ಪ ಕಮ್ಮಿಯಾಗುತ್ತದೆ, ಎಲ್ಲರಿಗೂ ಒಗ್ಗುವುದಿಲ್ಲ. ಹಾಗಾಗಿ ಮುಂದಿನ ಪ್ರಶ್ನೆ: ಬಲಗಣ್ಣಿನ ಪೊರೆ ಇನ್ನೂ ತೆಳುವಾಗಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೊದಲೇ ಪರೀಕ್ಷಿಸಿ ನೋಡಬಹುದೇ? ಅದರಿಂದ ತಲೆ ತಿರುಗುವುದೂ ಕಮ್ಮಿಯಾದೀತು. ಕಣ್ಣೊಳಗೆ ಹಾಕುವ ಹೊಸ ಲೆನ್ಸ್‌ನ ಅಳತೆ ತೆಗೆಯುವ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವುದನ್ನು ಎಷ್ಟು ದಿನ ಬಿಡಬೇಕು ಅಂತಲೂ ಕೇಳಿ ಎಂದೆ. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮುಂಭಾಗದ ಆಕಾರವನ್ನು ಬದಲಿಸುವುದರಿಂದ ಅಳತೆ ತಪ್ಪಬಹುದು.

“ಹಾಕಿದ್ದನ್ನೇ ತೆಗೆದು ಬೇರೆ ಹಾಕಲಿ” ಎಂಬ ಬೇಡಿಕೆಯನ್ನೂ ಡಾಕ್ಟರಿಗೆ ಹೇಳಿ ಎಂದೆ. ಆದರೆ ಅದು ಇನ್ನೊಂದು ಆಪರೇಷನ್, ಅದರದೇ ಅಪಾಯಗಳಿವೆ, ಡಾಕ್ಟರು ಬೇಡ ಅಂದರೆ ಅದಕ್ಕೆ ಕಾರಣವಿರುತ್ತದೆ ಎಂದೂ ಹೇಳಿದೆ. ಮೂಗಿನ ಹತ್ತಿರದ ಆ ಹಳೆಯ ನೋಟ ಹಾಗೇ ವಾಪಸ್ ಬರುತ್ತದೆ ಅಂತ ಭರವಸೆ ಕೊಡಲಿಲ್ಲ. ಅತ್ತರು. ಅಳಲಿ ಅಂತ ಸುಮ್ಮನಿದ್ದೆ.

ಪೊರೆ ಮತ್ತೆ ಬೆಳೆಯುತ್ತದಂತೆ ಎಂಬ ಭಯವೂ ಇತ್ತು. ಇಲ್ಲ. ಲೆನ್ಸ್ ಹಿಂದಿನ ತೆಳು ಚೀಲ ಕೆಲವರಿಗೆ ತಿಂಗಳು, ವರ್ಷಗಳ ನಂತರ ಮಸುಕಾಗುತ್ತದೆ, ಲೇಸರ್‌ನಿಂದ ಬೆಳಕಿಗೆ ದಾರಿ ಮಾಡಿಕೊಡುತ್ತಾರೆ, ಅಷ್ಟೇ.

ಮಗಳನ್ನು ಒಳಗೆ ಕರೆದು ಒಂದು ವಿಷಯ ಇಬ್ಬರಿಗೂ ಒತ್ತಿ ಹೇಳಿದೆ. ಮೈನಸ್ ಪವರ್ ಜಾಸ್ತಿ ಇದ್ದ ಕಣ್ಣಿನಲ್ಲಿ ಆಪರೇಷನ್ ನಂತರ ರೆಟಿನಾ (ಕಣ್ಣೊಳಗೆ ಹಿಂಬದಿಯಲ್ಲಿ ಚಿತ್ರ ಮೂಡುವ ಪದರ) ಕಳಚುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನೋವು, ಕೆಂಪು, ನೋಟ ಕುಸಿಯುವುದು ಕೂಡ ಹಾಗೆಯೇ. ಇದನ್ನು ‘ಅಮ್ಮನ ಚಿಂತೆ’ ಅಂತ ತಳ್ಳಿಹಾಕುವಂತಿಲ್ಲ. ಮಗಳಿಗೆ ಇನ್ನೊಂದು ಮಾತು: “ಚೆನ್ನಾಗಿದೆಯಲ್ಲ” ಅನ್ನುವುದನ್ನು ಸದ್ಯಕ್ಕೆ ಬಿಡಮ್ಮ, “ಇವತ್ತು ಏನು ಕಾಣಲಿಲ್ಲ?” ಅಂತ ಕೇಳು.

ಡಾಕ್ಟರು ಕಾಂಟ್ಯಾಕ್ಟ್ ಲೆನ್ಸ್ ಪರೀಕ್ಷೆಗೆ ಒಪ್ಪಿದರು. ಅಮ್ಮನಿಗೆ ಅದು ಒಗ್ಗಿತು. ಬಲಗಣ್ಣನ್ನು ಹತ್ತಿರಕ್ಕೆ ಹೊಂದಿಸಿ ಆಪರೇಷನ್ ಆಯಿತು. ಈಗ ಅಳತೆ ಪಟ್ಟಿ, ಫೋನ್ ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ರಾತ್ರಿ ಹೊರಗೆ ಹೋಗುವಾಗ ಕನ್ನಡಕ ಹಾಕುತ್ತಾರೆ. ಸೂಜಿ ಪೋಣಿಸಲು ದೀಪವಿರುವ ಭೂತಗನ್ನಡಿ ಬೇಕು, ಅದರ ಮೇಲೆ ಅವರಿಗೆ ಇನ್ನೂ ಸಿಟ್ಟಿದೆ.