ಪ್ರಯೋಗದಲ್ಲಿ ಅರ್ಧ ಜನರಿಗೆ ಹಾಳೆಗಳ ಕ್ರಮ ಬದಲಿಸಿ ಕೊಡುವುದು ಯಾಕೆ?

ಒಬ್ಬೊಬ್ಬರೂ ಎರಡು ಹಾಳೆ ಮಾಡುವ ಪ್ರಯೋಗದಲ್ಲಿ ಎಲ್ಲರಿಗೂ ಒಂದೇ ಕ್ರಮದಲ್ಲಿ ಕೊಟ್ಟರೆ, ಕಂಡ ವ್ಯತ್ಯಾಸ ಹಾಳೆಯಿಂದ ಬಂತೋ ಅಥವಾ ಅದು ಎರಡನೆಯದಾಗಿ ಬಂದಿದ್ದರಿಂದಲೋ ಎಂದು ಹೇಳಲು ಆಗುವುದಿಲ್ಲ. ಅದಕ್ಕೇ ಬದಲಿಸುವುದು.

ಸ್ಟ್ರೂಪ್ ಪ್ರಯೋಗವನ್ನೇ ನೋಡಿ. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ್ದು. ಒಂದು ಹಾಳೆಯಲ್ಲಿ ಬರೀ ಬಣ್ಣದ ಚೌಕಗಳು. ಇನ್ನೊಂದರಲ್ಲಿ ‘ಕೆಂಪು’ ಎಂಬ ಪದ ಹಸಿರು ಶಾಯಿಯಲ್ಲಿ, ಹೀಗೆ. ಎರಡರಲ್ಲೂ ಹೇಳಬೇಕಾದದ್ದು ಕಣ್ಣಿಗೆ ಕಾಣುವ ಬಣ್ಣವನ್ನು ಮಾತ್ರ, ಪದವನ್ನಲ್ಲ. ಪದಗಳ ಹಾಳೆಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಓದು ಬಲ್ಲವರಿಗೆ ಪದ ಕಂಡ ಕೂಡಲೇ ಓದಿಸಿಕೊಂಡುಬಿಡುತ್ತದೆ, ಬಣ್ಣದ ಹೆಸರಿಗೆ ಅಡ್ಡ ಬರುತ್ತದೆ.

ಈಗ ಎಲ್ಲರೂ ಚೌಕಗಳನ್ನೇ ಮೊದಲು ಮಾಡಿದರು ಅಂದುಕೊಳ್ಳಿ. ಅಷ್ಟರಲ್ಲಿ ಬಣ್ಣ ಹೇಳುವುದು ರೂಢಿಯಾಗಿ ಎರಡನೇ ಹಾಳೆ ಬೇಗ ಮುಗಿಯಬಹುದು. ಆಗ ನಿಜವಾದ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ದಣಿವಾದರೆ ಇದರ ಉಲ್ಟಾ. ಅರ್ಧ ಜನ ಪದಗಳಿಂದ ಶುರು ಮಾಡಿದರೆ ರೂಢಿಯ ಲಾಭವೂ ದಣಿವಿನ ನಷ್ಟವೂ ಎರಡೂ ಹಾಳೆಗಳಿಗೆ ಹಂಚಿಹೋಗುತ್ತವೆ.

ಯಾರಿಗೆ ಯಾವ ಕ್ರಮ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ‘ಮೊದಲು ಬಂದವರಿಗೆ ಇದು’ ಅಂತ ಮಾಡಬೇಡಿ, ಬೇಗ ಬರುವವರು ಬೇರೆ ಥರದವರೇ ಇರಬಹುದು ಅಲ್ವಾ?

ಇದು ಎಲ್ಲ ಕಡೆ ಸಾಲುವುದಿಲ್ಲ. ನೆನಪಿನ ಪ್ರಯೋಗದಲ್ಲಿ ಒಂದು ಉಪಾಯ ಕಲಿಸಿದ ಮೇಲೆ ಅದನ್ನು ಮರೆಸಲು ಆಗದು. ಅಲ್ಲಿ ಎರಡು ಬೇರೆ ಗುಂಪುಗಳನ್ನೇ ಮಾಡಿ. ಇನ್ನೊಂದು ಮಾತು: ಸ್ಟ್ರೂಪ್ ಹಾಳೆಯನ್ನು ನಿಮ್ಮ ಪ್ರಯೋಗಕ್ಕೆ ಬಂದವರು ಸರಾಗವಾಗಿ ಓದುವ ಭಾಷೆಯಲ್ಲೇ ಬರೆಯಿರಿ.