ಓದುಗರ ಪ್ರಶ್ನೆ, ನಮ್ಮ ಉತ್ತರ: ಕರಾವಳಿಯ ಸೆಖೆ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಿಸಿ

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಮಗ ಅದರಲ್ಲಿ ಮದುವೆ ವಿಡಿಯೊಗಳ ಸಂಕಲನ ಮಾಡುತ್ತಾನೆ, ಬಿಡುವಿದ್ದಾಗ ಆಟವನ್ನೂ ಆಡುತ್ತಾನೆ. ಮಾರ್ಚ್‌ನಿಂದೀಚೆಗೆ ಕೆಲಸ ಶುರುಮಾಡಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಕಾರ್ಡಿನ ಉಷ್ಣತೆ 84 ಡಿಗ್ರಿ ಮುಟ್ಟುತ್ತದೆ, ಫ್ಯಾನುಗಳು ಅಬ್ಬರಿಸುತ್ತವೆ, ಆಮೇಲೆ ವೇಗ ಕುಸಿಯುತ್ತದೆ. ಕಾರ್ಡಿನ ಆಯುಸ್ಸು ಮುಗಿದಿದೆ, ಹೊಸದು ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಕಂಪ್ಯೂಟರನ್ನು ಬಾಗಿಲಿರುವ ಮರದ ಮೇಜಿನ ಗೂಡಿನಲ್ಲಿ ಇಟ್ಟಿದ್ದೇವೆ. ಕಾರ್ಡ್ ನಿಜಕ್ಕೂ ಕೆಟ್ಟಿದೆಯೇ?
(ಓದುಗರು, ಕೊಟ್ಟಾರ, ಮಂಗಳೂರು)

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಅನುಮಾನ ಪಡಬೇಕಾದದ್ದು ಮೊದಲು ಮೇಜಿನ ಮೇಲೆ. ಈ ಕಾರ್ಡಿಗೆ ಅದರ ಚಿಪ್ಪಿನ ಕಂಪನಿಯಾದ ಎನ್ವಿಡಿಯಾ ನಿಗದಿಪಡಿಸಿರುವ ಗರಿಷ್ಠ ಉಷ್ಣತೆ 93 ಡಿಗ್ರಿ ಸೆಲ್ಸಿಯಸ್. ಆದರೆ ಅಷ್ಟು ದೂರ ಹೋಗಲು ಕಾರ್ಡ್ ತಾನಾಗಿ ಬಿಡುವುದಿಲ್ಲ. ಸಾಮಾನ್ಯವಾಗಿ 83 ಡಿಗ್ರಿಯ ಆಸುಪಾಸಿನಲ್ಲಿಯೇ ಅದು ಚಿಪ್ಪಿನ ವೇಗವನ್ನೂ ವೋಲ್ಟೇಜನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ನಿಮಗೆ ಕಾಣುತ್ತಿರುವ ವೇಗದ ಕುಸಿತ ಈ ರಕ್ಷಣೆಯ ಫಲವೇ ಹೊರತು ರೋಗವಲ್ಲ.

ನಿಮ್ಮ ಪತ್ರದಲ್ಲಿ ನಮಗೆ ಬಹಳ ಉಪಯುಕ್ತವೆನಿಸಿದ್ದು ಆ ಇಪ್ಪತ್ತು ನಿಮಿಷದ ಮಾತು. ಚಿಪ್ಪಿಗೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕುಳಿತಿರದಿದ್ದರೆ, ಕೆಲಸದ ಭಾರ ಬಿದ್ದ ಒಂದೆರಡು ನಿಮಿಷದಲ್ಲಿಯೇ ಉಷ್ಣತೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ನಿಧಾನವಾಗಿ, ಹದಿನೈದು ಇಪ್ಪತ್ತು ನಿಮಿಷ ತೆಗೆದುಕೊಂಡು ಏರುತ್ತಿದೆಯೆಂದರೆ ಶಾಖ ಚಿಪ್ಪಿನಿಂದ ಹೀಟ್‌ಸಿಂಕಿಗೂ ಅಲ್ಲಿಂದ ಗಾಳಿಗೂ ಸರಿಯಾಗಿಯೇ ದಾಟುತ್ತಿದೆ, ಆದರೆ ಆ ಬಿಸಿಗಾಳಿ ಹೊರಗೆ ಹೋಗದೆ ಅಲ್ಲಿಯೇ ಸುತ್ತುತ್ತಿದೆ ಎಂದು ತಿಳಿಯಬೇಕು. ಈ ಕಾರ್ಡ್ ಪೂರ್ಣ ಭಾರದಲ್ಲಿ ಸುಮಾರು 170 ವ್ಯಾಟ್ ವಿದ್ಯುತ್ ಬಳಸುತ್ತದೆ, ಬಳಸಿದ್ದೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಹಿಂದಿನ ಕಾಲದ 60 ವ್ಯಾಟಿನ ಮೂರು ಬಲ್ಬುಗಳನ್ನು ಮೇಜಿನ ಗೂಡಿನಲ್ಲಿ ಉರಿಸಿಟ್ಟು ಬಾಗಿಲು ಹಾಕಿದರೆ ಒಳಗೆ ಏನಾಗುತ್ತದೆಯೋ ನಿಮ್ಮಲ್ಲಿ ಆಗುತ್ತಿರುವುದು ಅದೇ. ಪ್ರೊಸೆಸರಿನ ಶಾಖ ಬೇರೆ.

ಪರೀಕ್ಷಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಗೋಡೆಗೆ ತೂಗುಹಾಕುವ ಸಾಧಾರಣ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ (ಕಂಪ್ಯೂಟರಿನ ಪೆಟ್ಟಿಗೆಯ) ಮುಂಭಾಗದ ಹತ್ತಿರ, ಗೂಡಿನ ಒಳಗೇ ಇಡಿ. ಕಾರ್ಡಿನ ಉಷ್ಣತೆಯನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರೇ ತೋರಿಸುತ್ತದೆ, ಇನ್ನೂ ವಿವರ ಬೇಕಿದ್ದರೆ ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶಗಳಿವೆ. ಕಾರ್ಡನ್ನು ಹತೋಟಿ ಮಾಡುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಫ್ಯಾನಿನ ವೇಗವನ್ನು 70 ಶೇಕಡಕ್ಕೆ ಸ್ಥಿರಗೊಳಿಸಿ, ಮಗ ಮಾಡುವ ಅದೇ ಕೆಲಸವನ್ನು ಅರ್ಧ ಗಂಟೆ ನಡೆಸಿ, ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಫ್ಯಾನಿನ ವೇಗವನ್ನು ಸ್ಥಿರಗೊಳಿಸದಿದ್ದರೆ ಬಿಸಿ ಏರಿದಂತೆ ಅದು ತಾನಾಗಿ ಜೋರಾಗುವುದರಿಂದ ಒಂದು ಅಳತೆಯನ್ನು ಇನ್ನೊಂದರೊಂದಿಗೆ ಹೋಲಿಸಲು ಬರುವುದಿಲ್ಲ. ಬಳಿಕ ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆಳೆದು, ಗೋಡೆಯಿಂದ ಒಂದು ಗೇಣಾದರೂ ದೂರವಿಟ್ಟು, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಕಾರ್ಡಿನ ಉಷ್ಣತೆ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಮೇಜಿನದ್ದು. ಹೊರಗಿಟ್ಟ ಮೇಲೂ ಇಳಿಯದಿದ್ದರೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ತೆಗೆದಿಟ್ಟು ಮೂರನೆಯ ಸಲ ನೋಡಿ. ಆಗ ಇಳಿದರೆ ಕ್ಯಾಬಿನೆಟ್ಟಿನೊಳಗಿನ ಗಾಳಿಯ ಸಂಚಾರ ಸಾಲದು, ಆಗಲೂ ಇಳಿಯದಿದ್ದರೆ ಮಾತ್ರ ಕಾರ್ಡಿನ ಕಡೆಗೆ ಕೈ ಹಾಕಬೇಕು.

ಗಮನಿಸಬೇಕಾದ ಅಂಕಿ ಕಾರ್ಡಿನ ಉಷ್ಣತೆ ಒಂದೇ ಅಲ್ಲ, ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಅಂತರ. ಫ್ಯಾನಿನ ವೇಗವೂ ಕೆಲಸದ ಭಾರವೂ ಅಷ್ಟೇ ಇದ್ದಾಗ ಈ ಅಂತರ ಹೆಚ್ಚು ಕಡಿಮೆ ಬದಲಾಗುವುದಿಲ್ಲ. ಹಾಗಾಗಿ ಜನವರಿಯ ಮುಂಜಾನೆ 25 ಡಿಗ್ರಿಯ ಕೋಣೆಯಲ್ಲಿ 74 ತೋರಿಸಿದ ಕಾರ್ಡ್, ಏಪ್ರಿಲ್ ಮಧ್ಯಾಹ್ನ ತಾರಸಿಯ ಕೆಳಗಿನ 34 ಡಿಗ್ರಿಯ ಕೋಣೆಯಲ್ಲಿ 83 ತೋರಿಸಿದರೆ ಕಾರ್ಡಿನಲ್ಲಿ ಏನೂ ಬದಲಾಗಿಲ್ಲ, ಬದಲಾಗಿರುವುದು ಹವೆ ಮಾತ್ರ. ಅಂಗಡಿಯ ಹವಾನಿಯಂತ್ರಿತ ಕೋಣೆಯಲ್ಲಿ ನೋಡಿದಾಗ ಚೆನ್ನಾಗಿ ಓಡಿದ ಕಂಪ್ಯೂಟರ್ ಮನೆಗೆ ಬಂದೊಡನೆ ಹಠ ಹಿಡಿಯುವುದೂ ಇದೇ ಕಾರಣದಿಂದ.

ಮೇಜಿನಿಂದ ಹೊರಗಿಡಲು ಜಾಗವಿಲ್ಲವೆಂದಾದರೆ ಗೂಡಿನ ಹಿಂಬದಿಯ ಹಲಗೆಯನ್ನು ಬಡಗಿಯಿಂದ ಪೂರ್ತಿ ಕೊಯ್ಯಿಸಿ ತೆಗೆಸಿಬಿಡಿ, ಬಾಗಿಲನ್ನೂ ಕಳಚಿಡಿ. ಬಿಸಿಗಾಳಿ ಹೊರಹೋಗುವುದು ಹಿಂದಿನಿಂದ. ವಯರಿಗೆಂದು ಕೊರೆದ ಸಣ್ಣ ತೂತು ಅದಕ್ಕೆ ಏನೇನೂ ಸಾಲದು. ಕ್ಯಾಬಿನೆಟ್ಟಿನಲ್ಲಿ ಮುಂದಿನಿಂದ ಗಾಳಿ ಎಳೆಯುವ ಎರಡು ಫ್ಯಾನು, ಹಿಂದಕ್ಕೆ ತಳ್ಳುವ ಒಂದು ಫ್ಯಾನು ಇದ್ದರೆ ನಿಮ್ಮ ಕಾರ್ಡಿಗೆ ಸಾಕು. ಮುಂಭಾಗವೆಲ್ಲ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ಟುಗಳು ನೋಡಲು ಅಂದವಾದರೂ ನಮ್ಮ ಊರಿನ ಸೆಖೆಗೆ ತಕ್ಕವಲ್ಲ ಎಂಬುದು ನಮ್ಮ ಅಭಿಪ್ರಾಯ. ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು ಮೂಡುವುದು, ಬಿಸಿಯೇರುವ ಮುನ್ನವೇ ಚಿತ್ರ ಒಡೆಯುವುದು ಮುಂತಾದವು ಕಂಡರೆ ಮಾತ್ರ ಅಂಗಡಿಯವರ ಮಾತಿಗೆ ಕಿವಿಗೊಡಬೇಕಾದೀತು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಪ್ರಶ್ನೆ: ಹೊಸ ಕಂಪ್ಯೂಟರಿನಲ್ಲಿ ಬರೆಯುವುದು, ಓದುವುದು ಮಾಡುವಾಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ತಿರುಗುವುದೇ ಇಲ್ಲ. ಮರಳಿಸಬೇಕೇ?
(ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಬೇಡ. ಈಗಿನ ಬಹುತೇಕ ಕಾರ್ಡುಗಳಲ್ಲಿ ಉಷ್ಣತೆ ಸುಮಾರು 50ರಿಂದ 60 ಡಿಗ್ರಿ ದಾಟುವವರೆಗೆ ಫ್ಯಾನು ನಿಂತೇ ಇರುವಂತೆ ತಯಾರಕರೇ ಮಾಡಿರುತ್ತಾರೆ. ಒಂದು ಆಟವನ್ನು ಹತ್ತು ನಿಮಿಷ ನಡೆಸಿ ನೋಡಿ, ಆಗಲೂ ತಿರುಗದಿದ್ದರೆ ದೂರು ಕೊಡಿ.

ಪ್ರಶ್ನೆ: ನಮ್ಮ ಮನೆ ಸಮುದ್ರಕ್ಕೆ ತೀರ ಹತ್ತಿರ. ಮುಚ್ಚಳ ತೆಗೆದು ನೋಡಿದಾಗ ಕಾರ್ಡಿನ ತಿರುಪುಗಳಿಗೆ ತುಕ್ಕು ಹಿಡಿದಿದೆ, ಹೀಟ್‌ಸಿಂಕಿನ ಮೇಲೆ ಬಿಳಿ ಪುಡಿಯಂಥದ್ದು ಕಾಣುತ್ತದೆ. ಆಟ ಶುರುವಾದ ಒಂದೇ ನಿಮಿಷಕ್ಕೆ 88 ಡಿಗ್ರಿ. ಥರ್ಮಲ್ ಪೇಸ್ಟನ್ನು ನಾವೇ ಬದಲಾಯಿಸಬಹುದೇ?
(ಓದುಗರು, ಮಲ್ಪೆ)

ಉತ್ತರ: ನಿಮ್ಮದು ಕೊಟ್ಟಾರದವರ ಸಮಸ್ಯೆಯಲ್ಲ. ಒಂದು ನಿಮಿಷಕ್ಕೆ 88 ಎಂದರೆ ಪೇಸ್ಟಿನ ಮೇಲೆಯೇ ಮೊದಲ ಗುಮಾನಿ. ಜಿಪಿಯು-ಝಡ್‌ನಲ್ಲಿ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ) ಎಂಬ ಇನ್ನೊಂದು ಅಂಕಿ ಕಾಣಿಸಿದರೆ ಅದನ್ನೂ ನೋಡಿ. ಚಿಪ್ಪಿನ ಸಾಮಾನ್ಯ ಉಷ್ಣತೆಗಿಂತ ಅದು ಹತ್ತು ಹದಿನೈದು ಡಿಗ್ರಿ ಹೆಚ್ಚಿರುವುದು ಸಹಜ, 25ಕ್ಕಿಂತ ಹೆಚ್ಚಿದ್ದರೆ ಪೇಸ್ಟ್ ಎಲ್ಲೋ ಸರಿದಿದೆ ಅಥವಾ ಒಣಗಿದೆ ಎಂದೇ ಅರ್ಥ.

ಬಿಳಿ ಪುಡಿ ಅಲ್ಯೂಮಿನಿಯಂ ಸವೆದು ಬಂದದ್ದು. ಗಾಳಿಯಲ್ಲಿ ಬರುವ ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಲೋಹ ಬೇಗ ಕೆಡುತ್ತದೆ. ಅದೇ ತೇವಕ್ಕೆ ಕೂದಲು, ಬಟ್ಟೆಯ ನೂಲು, ದೇವರ ಕೋಣೆಯ ಅಗರಬತ್ತಿಯ ಜಿಡ್ಡು ಅಂಟಿ, ಫ್ಯಾನಿನ ರೆಕ್ಕೆಗಳ ಹಿಂದೆ ಹೀಟ್‌ಸಿಂಕಿನ ಪದರಗಳ ಅಂಚಿನಲ್ಲಿ ಬೂದುಬಣ್ಣದ ದಪ್ಪ ಹೊದಿಕೆಯಾಗುತ್ತದೆ. ಬಯಲುಸೀಮೆಯ ಒಣ ಧೂಳಿನಂತೆ ಇದು ಬ್ಲೋವರಿನ ಗಾಳಿಗೆ ಹಾರಿಹೋಗುವುದಿಲ್ಲ, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಮೊದಲು ಬಿಡಿಸಿ ಆಮೇಲೆ ಗಾಳಿ ಹೊಡೆಯಬೇಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬಿಟ್ಟರೆ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು.

ಪೇಸ್ಟ್ ಬದಲಾಯಿಸುವುದು ತಾಳ್ಮೆಯಿರುವವರಿಗೆ ಕಷ್ಟದ ಕೆಲಸವಲ್ಲ, ಆದರೆ ವಾರಂಟಿ ಉಳಿದಿದ್ದರೆ ಮೊದಲು ಅದರ ಷರತ್ತನ್ನು ಓದಿಕೊಳ್ಳಿ. ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಕಾರ್ಡನ್ನು ಹೊರತೆಗೆದು, ಚಿಪ್ಪಿನ ಸುತ್ತಲಿನ ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ತುಕ್ಕು ಹಿಡಿದ ತಿರುಪಿಗೆ ಅಳತೆಗೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ತಲೆಯನ್ನು ಸವೆಸಿಕೊಂಡರೆ ಮುಂದಿನ ದಾರಿ ಮುಚ್ಚಿದಂತೆಯೇ, ಆದ್ದರಿಂದ ಮೊದಲನೆಯ ತಿರುಪೇ ಬಿಗಿಯಾಗಿ ಕಂಡರೆ ಬಲ ಹಾಕದೆ ಮೊಬೈಲ್ ರಿಪೇರಿ ಮಾಡುವವರ ಬಳಿ ಒಯ್ಯುವುದು ಲೇಸು. ಹೀಟ್‌ಸಿಂಕನ್ನು ಎತ್ತುವಾಗ ಫ್ಯಾನಿನ ಸಣ್ಣ ವಯರು ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ, ಎಳೆಯದೆ ಕನೆಕ್ಟರನ್ನು ಬಿಡಿಸಿಕೊಳ್ಳಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗ್ರಾಫಿಕ್ಸ್ ಚಿಪ್ಪಿನ ಮೇಲೆ ಪ್ರೊಸೆಸರಿಗಿರುವಂತೆ ಲೋಹದ ಮುಚ್ಚಳವಿರುವುದಿಲ್ಲ, ಆದ್ದರಿಂದ ನಡುವೆ ಒಂದು ಚುಕ್ಕೆ ಇಟ್ಟರೆ ಸಾಲದು, ಹೊಳೆಯುವ ಚಿಪ್ಪಿನ ಮೂಲೆಮೂಲೆಗೂ ತಲಪುವಂತೆ ತೆಳುವಾಗಿ ಹರಡಬೇಕು. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತನೆಯ ಪ್ಯಾಡುಗಳು ಹರಿಯದಿದ್ದರೆ ಹಾಗೆಯೇ ಇರಲಿ. ಹರಿದಿದ್ದರೆ ಅಷ್ಟೇ ದಪ್ಪದ್ದನ್ನು ತರಬೇಕು, ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಕೂರದೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ದ್ರವಲೋಹದ ಪೇಸ್ಟುಗಳ ತಂಟೆಗೆ ಹೋಗಬೇಡಿ. ಅವು ಅಲ್ಯೂಮಿನಿಯಮನ್ನು ತಿನ್ನುತ್ತವೆ, ಚೆಲ್ಲಿದರೆ ಬೋರ್ಡನ್ನೇ ಶಾರ್ಟ್ ಮಾಡುತ್ತವೆ.

ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುವುದು ಒಳ್ಳೆಯದು, ಅದರ ಬಿಸಿಯೇ ಒಳಗಿನ ತೇವವನ್ನು ಒಣಗಿಸುತ್ತದೆ. ಸಮುದ್ರದ ಕಡೆಯ ಕಿಟಕಿಯ ಎದುರಿನಿಂದ ಮಾತ್ರ ಅದನ್ನು ಸರಿಸಿಡಿ.

ಪ್ರಶ್ನೆ: ವೋಲ್ಟೇಜ್ ಇಳಿಸಿದರೆ ಕಾರ್ಡ್ ತಂಪಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅಪಾಯವಿಲ್ಲವೇ?
(ವಿದ್ಯಾರ್ಥಿ, ಸುರತ್ಕಲ್)

ಉತ್ತರ: ವೋಲ್ಟೇಜ್ ಏರಿಸುವುದರಲ್ಲಿ ಅಪಾಯವಿದೆ, ಇಳಿಸುವುದರಲ್ಲಿ ಹೆಚ್ಚೆಂದರೆ ಆಟ ಅರ್ಧಕ್ಕೆ ನಿಲ್ಲುತ್ತದೆ. ಚಿಪ್ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಅದೇ ವೇಗದಲ್ಲಿ 1.05 ವೋಲ್ಟಿನ ಬದಲು 0.9 ವೋಲ್ಟಿನಲ್ಲಿ ನಡೆಸಲು ಸಾಧ್ಯವಾದರೆ ಲೆಕ್ಕದ ಪ್ರಕಾರ ಶಾಖ ಕಾಲು ಭಾಗದಷ್ಟು ತಗ್ಗುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವೋಲ್ಟೇಜಿನ ರೇಖೆ ತೆರೆದುಕೊಳ್ಳುತ್ತದೆ. ಅದು ಗೊಂದಲವೆನಿಸಿದರೆ ಪವರ್ ಲಿಮಿಟ್ ಎಂಬ ಗುಂಡಿಯನ್ನು 80 ಶೇಕಡಕ್ಕೆ ಎಳೆದುಬಿಡಿ. ವೇಗದಲ್ಲಿ ಆಗುವ ನಷ್ಟ ಆಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಇದರ ಜೊತೆಗೆ, ಪರದೆ 60 ಹರ್ಟ್ಸ್‌ನದಾಗಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದಾದರೆ, ಆಟದ ಫ್ರೇಮ್ (ಒಂದೊಂದು ಚಿತ್ರ) ಮಿತಿಯನ್ನೂ 60ಕ್ಕೆ ಕಟ್ಟಿ, ಕಣ್ಣಿಗೆ ಕಾಣದ ಫ್ರೇಮುಗಳಿಗಾಗಿ ಹಾಸ್ಟೆಲಿನ ಕೋಣೆಯನ್ನು ಕಾಯಿಸುವುದರಲ್ಲಿ ಅರ್ಥವಿಲ್ಲ. ಬದಲಾವಣೆ ಮಾಡಿದ ಮೇಲೆ ಒಂದೆರಡು ದಿನ ಬೇರೆಬೇರೆ ಆಟಗಳಲ್ಲಿ ಪರೀಕ್ಷಿಸಿ, ಎಲ್ಲವೂ ಸ್ಥಿರವಾಗಿದೆ ಎಂದು ಖಚಿತವಾದ ನಂತರವೇ ವಿಂಡೋಸ್ ಶುರುವಾಗುವಾಗ ತಾನಾಗಿ ಅನ್ವಯವಾಗುವ ಆಯ್ಕೆಯನ್ನು ಗುರುತು ಮಾಡಿ.